ಗದ್ದಲವೆಂದು ತೆಗೆದದ್ದು

ಹಳೆಯ ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟು ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಇವತ್ತು ಬೆಳಿಗ್ಗೆ ಕಪಾಟು ಒರೆಸುವಾಗ ಸುಮ್ಮನೆ ಗುಂಡಿ ಒತ್ತಿ ನೋಡಿದೆ, ಅದೇ ವಾಸನೆ. ಕೂಡಲೇ ಕಾಶವ್ವ ಅತ್ತಿ ನೆನಪಾದರು, ಜೊತೆಗೆ ನನ್ನ ಮಹಾಪಾಂಡಿತ್ಯವೂ.

ನಾನು ಬನಹಟ್ಟಿಯಲ್ಲಿ ವಿಜ್ಞಾನದ ಮಾಸ್ತರ. ತಿಳಿದದ್ದನ್ನು ಹೇಳದೆ ಇರಲಾರದ ಜಡ್ಡು ನನಗೆ. ಒಮ್ಮೆ ಜಮಖಂಡಿ ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಪಾಠ ತಾಳಲಾರದೆ ತಮ್ಮೂರಿಗಿಂತ ಎರಡು ಸ್ಟಾಪ್ ಮೊದಲೇ ಇಳಿದುಹೋದರು. ಹಳೆಯ ಕ್ಯಾಸೆಟ್ಟಿನ ಹಾಡುಗಳನ್ನು ಕಂಪ್ಯೂಟರಿಗೆ ಏರಿಸಿ ಮೊಬೈಲಿಗೆ ಹಾಕಿಕೊಡುವುದು ನನ್ನ ಹವ್ಯಾಸ. ಪುಕ್ಕಟೆ ಸೇವೆ, ಆದರೆ ಪಾಠ ಕೇಳಲೇಬೇಕು.

ಅತ್ತಿ ನಮ್ಮ ಓಣಿಯವರು, ನೇಕಾರರು. ಗಂಡ ಮಲ್ಲಪ್ಪ ಮಾವ ತೀರಿಕೊಂಡ ಮೇಲೆ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಒಂದು ದಿನ ಸೆರಗಿನಲ್ಲಿ ಕ್ಯಾಸೆಟ್ ಸುತ್ತಿಕೊಂಡು ಬಂದರು. ತಾವು ಹಾಡಿದ್ದನ್ನು ಮಾವ ಮಗ್ಗದ ಪಕ್ಕ ಟೇಪಿಟ್ಟು ರೆಕಾರ್ಡ್ ಮಾಡಿದ್ದರಂತೆ.

"ಇದೊಂದ ಉಳದೈತಿ, ಮಾಸ್ತರ. ಕೆಡಸಬ್ಯಾಡ" ಅಂದರು. ಆಮೇಲೆ, "ಅಲ್ಲೋ, ಇಷ್ಟಗಲ ಮೊಬೈಲಿನ್ಯಾಗ ಹಾಡ ಹೆಂಗ ಹೊಕ್ಕೋತೈತಿ?"

ನನಗೆ ಬೇಕಾದದ್ದೂ ಅದೇ.

"ನೋಡ್ರಿ ಅತ್ತಿ, ದನಿ ಅಂದ್ರ ಗಾಳಿ ಅಲುಗಾಡೂದು. ಒಂದ ಸೆಕೆಂಡಿನ್ಯಾಗ ನಲವತ್ನಾಕ ಸಾವಿರ ಸಲ ಕಂಪ್ಯೂಟರ್ ಅದನ್ನ ಅಳದು ಅಂಕಿ ಬರದಿಡತೈತಿ. ಆ ಅಂಕಿ ನೋಡಿ ಮತ್ತ ದನಿ ಮಾಡತೈತಿ."

"ಅಂದ್ರ ಇಂಚಿಗಿ ಎಳಿ ಎಣಿಸಿದಂಗ. ಎಳಿ ಕಡಿಮಿ ಆದ್ರ ಸೀರಿ ಜಾಳ."

ಎರಡು ಪೀರಿಯಡ್ಡಿನ ಪಾಠ ಒಂದು ಮಾತಿನಲ್ಲಿ ಮುಗಿಯಿತು. ಸೋಲೊಪ್ಪದೆ ಮುಂದುವರಿಸಿದೆ. ಅಳತೆಪಟ್ಟಿಯ ಗೆರೆಗಳು ಎಷ್ಟು ಸಣ್ಣವೋ ಅಷ್ಟು ಮೆಲುದನಿಯೂ ಸರಿಯಾಗಿ ಸಿಗುತ್ತದೆ. ಫೈಲು ದೊಡ್ಡದಾದರೆ ಕಿವಿಗೆ ಬೇಡವಾದದ್ದನ್ನು ಕಂಪ್ಯೂಟರ್ ತೆಗೆದುಹಾಕಿ ಸಣ್ಣದು ಮಾಡುತ್ತದೆ.

"ಯಾರ ಕಿವಿಗಿ?" ಅಂದರು ಅತ್ತಿ.

ನಾನು ನಕ್ಕೆ. ನೀವಾದರೂ ನಗುತ್ತಿದ್ದಿರಿ.

ನಾಲ್ಕು ದಿನ ಕೂತು ಹಾಡನ್ನು ಸ್ವಚ್ಛ ಮಾಡಿದೆ. ಹಾಡುವವರ ದನಿಯನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಗದ್ದಲವೆಂದು ತೆಗೆಯುವ ಸೌಕರ್ಯ ಈಗ ಇದೆಯಲ್ಲ. ಮಗ್ಗದ ಟಕಟಕ ಹೋಯಿತು. ನಡುವೆ ಏನೂ ಕೇಳಿಸದ ಜಾಗವಿತ್ತು, ಅದನ್ನೂ ಕತ್ತರಿಸಿದೆ. ಮೊದಲಿನ ದೊಡ್ಡ ಫೈಲು ಜಾಗ ತಿನ್ನುತ್ತದೆಂದು ಅಳಿಸಿದೆ. ರೇಡಿಯೊದವರು ನಾಚಬೇಕು, ಹಾಗಾಗಿತ್ತು ಹಾಡು.

ಅತ್ತಿ ಮೊಬೈಲನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿದರು. ಶಾಭಾಷ್‌ಗಿರಿಗಾಗಿ ನಾನು ಕಾದೆ.

"ಮಗ್ಗ ಎಲ್ಲೈತಿ?"

"ಅದು ಗದ್ದಲ ಅತ್ತಿ, ತಗದೇನಿ."

"ಹಾಡಾಕಿ ನಾ ಇನ್ನೂ ಅದೀನಲ್ಲೋ. ನನ್ನ ದನಿ ತಗೊಂಡ ನಾ ಏನ ಮಾಡ್ಲಿ? ಮಗ್ಗದಾಗ ಕುಂತಾವರು ಅವರು. ಅವರನ್ನ ತಗದಿಯಲ್ಲೋ, ಮಾಸ್ತರ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಉಳಿದಿದ್ದದ್ದು ಕ್ಯಾಸೆಟ್ಟೊಂದೇ, ಮೊದಲ ಸಲ ಹಾಕಿದಾಗಲೇ ಟೇಪು ಎರಡು ಕಡೆ ಸುಕ್ಕಾಗಿತ್ತು. ಮತ್ತೊಮ್ಮೆ ಸಿಕ್ಕಿಕೊಂಡರೆ ಹರಿದೇಹೋಗುತ್ತದೆ ಎಂದು ಒಪ್ಪಿಕೊಂಡೆ.

"ಹಚ್ಚು" ಅಂದರು.

ಅತ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಲ್ಲಿಸುವ ಗುಂಡಿಯ ಹತ್ತಿರವೇ ಬೆರಳಿಟ್ಟು, ಮತ್ತೆ ಕಂಪ್ಯೂಟರಿಗೆ ಏರಿಸುತ್ತ ಟೇಪು ಓಡಿಸಿದೆ. ಆವತ್ತು ಪಾಠ ಮಾಡಲಿಲ್ಲ.

ಮಗ್ಗ ಬಂತು. ಅತ್ತಿ ಸಾಲು ಮರೆತು ತಡವರಿಸಿದಲ್ಲಿ ಮಗ್ಗವೂ ನಿಧಾನವಾಗುತ್ತಿತ್ತು. ಅವರಿಗೆ ನೆನಪಾದೊಡನೆ ಮತ್ತೆ ಚುರುಕಾಗುತ್ತಿತ್ತು. ನಾಲ್ಕು ದಿನ ಕೂತರೂ ಇದು ನನ್ನ ಕಿವಿಗೆ ಬಿದ್ದಿರಲಿಲ್ಲ. ಆಮೇಲೆ ಹಾಡು ನಿಂತಿತು, ಮಗ್ಗವೂ ನಿಂತಿತು. ನಾನು ಕತ್ತರಿಸಿ ಎಸೆದಿದ್ದ ಖಾಲಿ ಜಾಗ ಅದು ಎಂಬುದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಟೇಪು ಹರಿಯಿತೆಂದೇ ತಿಳಿದು ಗುಂಡಿಗೆ ಕೈ ಹಾಕಿದೆ. ಅತ್ತಿ ನನ್ನ ಮುಂಗೈ ಹಿಡಿದರು.

"ತಡಿ. ಎಳಿ ಹರದೈತಿ. ಗಂಟ ಹಾಕಾಕತ್ತಾರ."

ಮಾವ ಗಂಟು ಹಾಕಿ ಮುಗಿಸುವವರೆಗೆ ನಾವಿಬ್ಬರೂ ಕಾದೆವು.

ಈಗಲೂ ಜನ ಕ್ಯಾಸೆಟ್ಟು ತರುತ್ತಾರೆ. ನನ್ನ ಪಾಠವೇನೂ ನಿಂತಿಲ್ಲ, ಬಂದರೆ ನೀವೂ ಕೇಳಬೇಕಾದೀತು. ಆದರೆ ಏನನ್ನಾದರೂ ತೆಗೆಯುವ ಮೊದಲು ಕೇಳುತ್ತೇನೆ: "ಇದರಾಗ ನಿಮ್ಮಾವರು ಯಾರ ಅದಾರ್ರಿ?"