ಭಾವನ ಕಾಲಿನ ಅಳತೆ

ಬನ್ನಿಮಂಟಪದ ಕಡೆ ಇರುವ ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇದೆ. ಲಾರಿಯ ಕ್ಲಚ್ ಅಡ್ಜಸ್ಟ್ ಮಾಡುವಾಗ ಪೆಡಲ್ ಒತ್ತಬೇಕಾದವನು ಅದನ್ನು ಓಡಿಸುವ ಡ್ರೈವರೇ. ದರ್ಜಿ ಅಂಗಿಗೆ ಅಳತೆ ತೆಗೆದುಕೊಳ್ಳುವ ಹಾಗೆ ನಾವು ಅವನ ಕಾಲಿನ ಅಳತೆ ನೋಡುತ್ತೇವೆ. ಒಬ್ಬನಿಗೆ ಕ್ಲಚ್ ಮೇಲೇ ಹಿಡಿಯಬೇಕು, ಇನ್ನೊಬ್ಬನಿಗೆ ಕೆಳಗೆ. ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ಸರಿಯಾದ ಅಳತೆ ಬರೆದೇ ಇರುತ್ತದೆ, ಆದರೆ ಅದನ್ನು ತೆರೆಯುವವರು ಯಾರು? ನಾನಂತೂ ತೆರೆದವನಲ್ಲ. ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿದವನಿಗೆ ಪುಸ್ತಕ ಯಾಕೆ ಅನ್ನುವ ಕೊಬ್ಬು.

ಆ ಕೊಬ್ಬಿನಲ್ಲೇ ನನ್ನ ಅಕ್ಕನ ಗಂಡ ಓಡಿಸುತ್ತಿದ್ದ ಟ್ರೈಲರ್ ಲಾರಿಗೂ ಕೈ ಹಾಕಿದೆ. ಗಾಡಿ ಅವರದಲ್ಲ, ಓನರ್ ಬೇರೆ. "ಪೆಡಲ್ ಬಲು ಬಿಗಿ ಕಣಪ್ಪ. ಅರ್ಧ ಒತ್ತುದ್ರೆ ಸಾಕು, ಅಂಗೆ ಮಾಡ್ಕೊಟ್ಬುಡು" ಅಂದರು ಭಾವ. ನನ್ನನ್ನು ಈ ಗ್ಯಾರೇಜಿಗೆ ಕರೆತಂದು ಸೇರಿಸಿದವರೇ ಅವರು. ಯಾಕೆ ಏನು ಅಂತ ಕೇಳದೆ ಮಾಡಿಕೊಟ್ಟೆ.

ನಾಲ್ಕೇ ದಿನಕ್ಕೆ ಗಾಡಿ ವಾಪಸ್ ಬಂತು. ಗೇರ್ ಹಾಕಿದರೆ ಕರ್ರ್ ಅಂತ ಅರಚುತ್ತಿತ್ತು.

ಈ ಗಾಡಿಯಲ್ಲಿ ಕ್ಲಚ್ ಬ್ರೇಕ್ ಅನ್ನುವ ಒಂದು ಬಿಲ್ಲೆ ಇದೆ. ಎಲ್ಲ ಲಾರಿಗಳಲ್ಲೂ ಇರುವುದಿಲ್ಲ. ಗಾಡಿ ನಿಂತಿರುವಾಗ ಪೆಡಲನ್ನು ತಳಮುಟ್ಟ ಒತ್ತಿದರೆ, ಗೇರ್‌ಬಾಕ್ಸಿನಲ್ಲಿ ಇನ್ನೂ ತಿರುಗುತ್ತಿರುವ ಶಾಫ್ಟನ್ನು ಅದು ಹಿಡಿದು ನಿಲ್ಲಿಸುತ್ತದೆ. ಆಗಲೇ ಮೊದಲನೇ ಗೇರ್ ಸದ್ದಿಲ್ಲದೆ ಬೀಳುವುದು. ಲಾರಿಯ ಕೆಳಗೆ ಮಲಗಿ, ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದು ನೋಡಿದರೆ ಆ ಬಿಲ್ಲೆ ಸುಟ್ಟು ಕರಕಲಾಗಿತ್ತು. ನಾನು ಅಳತೆ ಮೇಲಕ್ಕೆ ತಂದಿದ್ದರಿಂದ, ಓಡುವ ಗಾಡಿಯಲ್ಲಿ ಕ್ಲಚ್ ಒತ್ತಿದಾಗಲೆಲ್ಲ ಅದು ಶಾಫ್ಟನ್ನು ಕಚ್ಚಿದೆ. ಪೆಡಲಿನಲ್ಲಿ ಸಡಿಲವೇ ಇಲ್ಲದೆ ಕ್ಲಚ್ ಪ್ಲೇಟು ಬೇರೆ ಜಾರಿ, ಇಂಜಿನ್ನಿನ ಬಲ ಚಕ್ರಕ್ಕೆ ಪೂರ್ತಿ ಮುಟ್ಟುತ್ತಿರಲಿಲ್ಲ.

"ಪೆಡಲ್ ಮೇಲೇ ಕಾಲಿಟ್ಕೊಂಡು ಓಡಿಸ್ತಿದ್ರಾ ಭಾವ?" ಅಂತ ರೇಗಿದೆ. ತಪ್ಪು ನನ್ನದು ಅಂತ ಗೊತ್ತಾದಾಗ ನನ್ನ ದನಿ ಇನ್ನೂ ಜೋರಾಗುತ್ತದೆ, ಏನು ಮಾಡಲಿ, ನನ್ನ ಬುದ್ಧಿಯೇ ಅಂಥದ್ದು.

ಅವರು ನಕ್ಕರು. "ನಿನ್ನೆ ನಂಜನಗೂಡು ರಸ್ತೇಲಿ ಜಾಮ್ ಆಗಿತ್ತು ಕಣಪ್ಪ. ಏರಲ್ಲಿ ನಿಂತಿದ್ದೆ, ಲೋಡ್ ಬೇರೆ. ಕ್ಲಚ್ ಬುಟ್ರೆ ಗಾಡಿ ಮುಂದಕ್ಕೆ ಹೋಗೋ ಬದ್ಲು ಹಿಂದಕ್ಕೆ ಬಂದ್ಬುಡ್ತು. ಬ್ರೇಕ್ ಹಾಕೋ ಅಷ್ಟ್ರಲ್ಲಿ ಹಿಂದೆ ಸ್ಕೂಟರಲ್ಲಿದ್ದೋರು ಕಿರುಚ್ಕೊಂಡ್ರು. ಒಂದ್ ಗೇಣು ಉಳ್ದಿತ್ತು ಅಷ್ಟೇ. ಒಬ್ಳು ತಾಯಿ, ಒಂದು ಮಗು. ಏನೂ ಆಗ್ಲಿಲ್ಲ ಬುಡು."

ಬುಡು ಅಂದರಲ್ಲ! ಆ ಮಗು ಯಾವ ಬಣ್ಣದ ಬಟ್ಟೆ ಹಾಕಿತ್ತೋ, ಎಷ್ಟು ವಯಸ್ಸೋ, ಕೇಳಲು ಧೈರ್ಯವಾಗಲಿಲ್ಲ. ಆ ಏರಿನಲ್ಲಿ ಹಿಂದಕ್ಕೆ ಜಾರಿದ್ದು ನನ್ನ ಕೈಯ ಕೆಲಸ.

ಹೊಸ ಬಿಲ್ಲೆ ಕೂರಿಸಿದೆ. ಈ ಸಲ ಪುಸ್ತಕ ತೆರೆದಿಟ್ಟುಕೊಂಡು ಅದರಲ್ಲಿ ಬರೆದ ಹಾಗೆಯೇ ಅಳತೆ ಇಟ್ಟೆ. ಸರಿಯಾಗಿದೆಯೇ ಎಂದು ತಿಳಿಯಲು ಕೆಳಗೆ ಮಲಗಿದವನು, ಪೆಡಲ್ ಒತ್ತಿದಾಗ ಸರಿದು ಬರುವ ಬೇರಿಂಗಿಗೂ ಬಿಲ್ಲೆಗೂ ನಡುವೆ ಒಂದು ತೆಳು ತಗಡಿನ ಪಟ್ಟಿ ತೂರಿಸಿ ಹಿಡಿಯಬೇಕು. ಮೇಲಿನವನು ಪೆಡಲ್ ತಳಮುಟ್ಟ ಒತ್ತಿದರೆ ಪಟ್ಟಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಎಳೆದರೂ ಬರುವುದಿಲ್ಲ.

"ಒತ್ತಿ ಭಾವ" ಅಂದೆ. ಪಟ್ಟಿ ಸಲೀಸಾಗಿ ಕೈಗೆ ಬಂತು.

"ಪೂರ್ತಿ ಒತ್ತಿ."

"ಒತ್ತಿದೀನಿ ಕಣೋ!"

ಮತ್ತೆ ಬಂತು. ಇನ್ನೊಂದು ಸುತ್ತು ಬಿಗಿ ಮಾಡೋಣ ಅಂತ ಸ್ಪ್ಯಾನರ್ ಹಾಕಿದವನು ಅಲ್ಲೇ ನಿಲ್ಲಿಸಿದೆ. ಪೆಡಲ್ ಒತ್ತಿದಾಗ ಕೆಳಗೆ ಅಲುಗುವ ಕ್ಲಚ್ ಫೋರ್ಕ್ ಮುಕ್ಕಾಲು ದಾರಿ ಬಂದು ನಿಂತು, ನಡುಗುತ್ತಿತ್ತು. ಇಂಜಿನ್ ಆಫ್ ಆಗಿತ್ತು. ಕಬ್ಬಿಣ ಯಾಕೆ ನಡುಗಬೇಕು?

ಎದ್ದು ಬಂದು ಅವರನ್ನು ಇಳಿಸಿ ನಾನೇ ಹತ್ತಿ ಕೂತೆ. ನನ್ನ ಕಾಲಿಗೆ ಪೆಡಲ್ ತಳದವರೆಗೆ ಹೋಯಿತು. ಇಂಜಿನ್ ಚಾಲೂ ಮಾಡಿ ಮೊದಲನೇ ಗೇರ್ ಹಾಕಿದೆ, ಸದ್ದೇ ಇಲ್ಲ. ಗಾಡಿ ಸರಿಯಾಗಿತ್ತು. ಕೆಳಗೆ ಭಾವ ಎಡಗಾಲಿನ ಮಂಡಿ ಹಿಡಿದುಕೊಂಡು ಚಕ್ರಕ್ಕೆ ಒರಗಿ ನಿಂತಿದ್ದರು.

"ಎಷ್ಟು ದಿನದಿಂದ?"

"ದೀಪಾವಳಿಗೂ ಮುಂಚಿಂದ. ಮಡಚುದ್ರೆ ನೀಡಕ್ಕಾಗಲ್ಲ, ಜೋಮು ಹಿಡ್ಕತದೆ. ನಿಮ್ಮಕ್ಕಂಗೆ ಹೇಳ್ಬ್ಯಾಡ ಕಣಪ್ಪ. ಮೊದ್ಲಿನ ಥರಾನೇ ಇಟ್ಬುಡು."

"ಆಗಲ್ಲ ಭಾವ."

"ನೀನು ಮಾಡ್ದೆ ಇದ್ರೆ ಪಕ್ಕದ ಗ್ಯಾರೇಜ್ನೋನು ಮಾಡ್ತಾನೆ, ಬುಡು."

ಮಾಡುತ್ತಿದ್ದ, ಅದರಲ್ಲಿ ಅನುಮಾನವೇ ಇಲ್ಲ. ಅರ್ಧ ಗಂಟೆಯ ಕೆಲಸ. ಡ್ರೈವರ್ ಕೇಳಿದ, ನಾನು ಮಾಡಿದೆ ಅಂತ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದ. ಭಾವ ಲೋಡ್ ತುಂಬಿಕೊಂಡು ಮತ್ತೆ ಅದೇ ಏರಿಗೆ ಹೋಗುತ್ತಿದ್ದರು. ಅವರ ಹಿಂದೆ ಯಾರು ನಿಂತಿರುತ್ತಾರೋ! ಓಡಿಸುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯನಿಗೆ ಬೇಡ ಅನ್ನುವುದಾದರೂ ಹೇಗೆ?

"ಈಗಿರೋ ಅಳತೇಲಿ ನೀವೇ ಗೇರ್ ಹಾಕಿ ತೋರಿಸಿ. ಬಿದ್ರೆ ತಗೊಂಡು ಹೋಗಿ, ನಾನು ಬಾಯಿ ಬಿಡಲ್ಲ" ಅಂದೆ.

ಹತ್ತಿದರು. ಒತ್ತಿದರು. ಗೇರ್ ಕರ್ರ್ ಅಂತು. ಎರಡನೇ ಸಲವೂ ಅದೇ. ಬೀಳಲಿ ದೇವರೇ ಅಂತ ಒಂದು ಮನಸ್ಸು, ಬೀಳದಿರಲಿ ಅಂತ ಇನ್ನೊಂದು. ಮೂರನೇ ಸಲ ಸ್ಟೀರಿಂಗ್ ತಬ್ಬಿ ಹಿಡಿದು, ಸೀಟಿನಿಂದ ಮೇಲೆದ್ದು, ಮೈಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿದರು. ಅವರ ಬಾಯಿಂದ ಸಣ್ಣ ನರಳಿಕೆ ಹೊರಟಿತು. ಗೇರ್ ಬೀಳಲಿಲ್ಲ. ಇಂಜಿನ್ ಆಫ್ ಮಾಡಿದರು.

ನಾನು ಅಕ್ಕನಿಗೆ ಫೋನ್ ಮಾಡಿದೆ. ಅವಳು "ಏನೋ?" ಅಂದಳು. ಭಾವ ಕಿಟಕಿಯಿಂದ ಕೈ ಚಾಚಿ ಫೋನ್ ಇಸಿದುಕೊಂಡರು.

"ಊಟಕ್ಕೆ ಬತ್ತಾ ಇದೀನಿ ಕಣೇ. ಇಲ್ಲ, ಗಾಡಿ ತರಲ್ಲ, ಬಸ್ಸಲ್ಲಿ ಬತ್ತೀನಿ."

ಅಕ್ಕನ ದನಿ ಯಾವಾಗಲೂ ಜೋರು, ಕೆಳಗೆ ನಿಂತ ನನಗೂ ಕೇಳಿಸಿತು. "ಮತ್ತೆ ಎಷ್ಟೊತ್ತಿಗೆ ಹೊರಡ್ಬೇಕು? ಬುತ್ತಿ ಕಟ್ಟಬೇಕಲ್ಲ."

"ಹೊರಡಲ್ಲ ಕಣೇ" ಅಂದರು ಭಾವ. "ಇನ್ನು ಹೊರಡಲ್ಲ."