ಕಾರಿನ ಸದ್ದಿಗೆ ಕೊಬ್ಬರಿಯ ಕಿವಿ

ಕಾರು ಕೆಂಪಗಿತ್ತು ಎಂದು ನನ್ನ ನೆನಪು. ಗೆಳೆಯ ರುದ್ರೇಶ ನೀಲಿ ಎನ್ನುತ್ತಾನೆ, ಕಾರು ಅವನದೇ. ಹಾಗಾಗಿ ಹತ್ತು ವರ್ಷಗಳ ಹಿಂದೆ ಅವನ ಊರಾದ ಶೆಟ್ಟಿಕೆರೆಯಲ್ಲಿ ಎಲ್ಲವೂ ಹೀಗೆಯೇ ನಡೆಯಿತೆಂದು ಆಣೆ ಇಡಲಾರೆ.

ಅದು ಎರಡು ಬಾಗಿಲಿನ ಹಳೆಯ ರೇಸ್ ಕಾರು. ಭಾನುವಾರದ ಸ್ಪರ್ಧೆಗೆ ಮುಂಚೆ ಅದಕ್ಕೆ ಏನಾದರೊಂದು ಹೊಸದನ್ನು ಹಾಕಿಸಬೇಕಿತ್ತು. ಹಿಂದೆ ಕಾರನ್ನು ನೆಲಕ್ಕೊತ್ತುವ ರೆಕ್ಕೆಯೋ, ಜೋಡಿ ಸೈಲೆನ್ಸರೋ, ಅಗಲದ ಟೈರೋ ಎಂದು ಇಬ್ಬರೂ ರುದ್ರೇಶನ ಮನೆಯ ಅಂಗಳದಲ್ಲಿ ಜಗಳವಾಡುತ್ತಿದ್ದೆವು. ಎಂ.ಎಸ್ಸಿ. ಮುಗಿಸಿದ್ದ ನಾನು ಗಾಳಿಯ ಒತ್ತಡದ ಲೆಕ್ಕ ಹೇಳಿ, ರೆಕ್ಕೆಯೇ ಬೇಕೆಂದೆ.

ಕೊಬ್ಬರಿಗೆಂದು ಒಣಗಿಸಿದ್ದ ತೆಂಗಿನಕಾಯಿಗಳನ್ನು ಅಟ್ಟದಿಂದ ಇಳಿಸುತ್ತಿದ್ದ ಅವನ ಸೋದರತ್ತೆ ಸಿದ್ದಮ್ಮ ಹೊರಗೆ ಬಂದರು. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ಸದ್ದಿನಲ್ಲೇ ಹೇಳುವವರು ಅವರು. ಕಾರಿನ ಮುಂದಿನ ಚಕ್ರವನ್ನೂ ಹಾಗೆಯೇ ಹಿಡಿದು ಅಲ್ಲಾಡಿಸಿದರು.

"ಲೇ ರುದ್ರ, ಒಳಗೆ ಗೊಟಗೊಟ ಅಂತೈತೆ ಕಣ್ಲಾ. ಕಾಯಾಗಿದ್ರೆ ಒಡೀಬೌದಾಗಿತ್ತು. ರೆಕ್ಕೆ ಆಮೇಲೆ ಕಟ್ಟುವಂತೆ ಬುಡು, ಮೊದ್ಲು ಕಾಲು ಗಟ್ಟಿ ಮಾಡ್ಕ."

ನಾನು ನಕ್ಕೆ. ರುದ್ರೇಶ ನಗಲಿಲ್ಲ. ಕಾರನ್ನು ಮೆಲ್ಲಗೆ ತಿಪಟೂರಿನ ಮೆಕ್ಯಾನಿಕ್ ಬಳಿಗೆ ಒಯ್ದ. ರೆಕ್ಕೆಯ ದುಡ್ಡು ಚಕ್ರಕ್ಕೆ ಹೋಯಿತು.

ಈ ಕಥೆಯನ್ನು ನಾನೇ ಕಟ್ಟಿರಬಹುದೆಂಬ ಅನುಮಾನ ಬಂದು, ಮೊನ್ನೆ ಆ ಮೆಕ್ಯಾನಿಕ್ಕನ್ನು ಹುಡುಕಿ ಹೋದೆ. ಕಾರಿನ ಬಣ್ಣ ಅವರಿಗೂ ನೆನಪಿಲ್ಲ. ಆದರೆ ಅಂದು ಬಿಚ್ಚಿ ತೆಗೆದಿದ್ದ, ಮುಂದಿನ ಚಕ್ರದ ಸವೆದ ಸ್ಟೀರಿಂಗ್ ಕೀಲನ್ನು ಹಳೆಯ ಸಾಮಾನಿನ ಡಬ್ಬಿಯಿಂದ ಹುಡುಕಿ ಕೈಗಿತ್ತರು. "ಇದ್ನೇ ಇಟ್ಕಂಡು ರೇಸಿಗೆ ಹೋಗಿದ್ರೆ ಕಳಚ್ಕಳ್ಳೋದು ಕಣ್ರೀ" ಎಂದರು. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಒಣಗಿದ ಕೊಬ್ಬರಿಯದೇ ಸದ್ದು.