ಬೀರುವಿನಲ್ಲಿ ಬೆಳೆದ ಅವರೆ

ನಾನು ಏಳನೇ ತರಗತಿಯಲ್ಲಿದ್ದ ವರ್ಷ ನಮ್ಮ ಶಾಲೆಗೆ ಗುರಿಗಳು ಬಂದವು. ಅದಕ್ಕೆ ಮುಂಚೆ ನಮಗೆ ಪಾಠವಿತ್ತು, ಮಗ್ಗಿ ಇತ್ತು, ಬೆತ್ತವಿತ್ತು; ಗುರಿ ಎಂಬುದು ಇರಲಿಲ್ಲ. ಹೊಸೂರು ಸೀಮೆಯ ನಾವು ಆಗ ಸೇಲಂ ಜಿಲ್ಲೆಗೆ ಸೇರಿದ್ದೆವು; ಸೇಲಂನ ಕಚೇರಿಯಿಂದ ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಅಚ್ಚಾದ ಒಂದು ಉದ್ದನೆಯ ಕಾಗದ ಬಂತು. ಆರು, ಏಳು, ಎಂಟನೇ ತರಗತಿಯ ಮಕ್ಕಳು ಗಣಿತದಲ್ಲೂ ವಿಜ್ಞಾನದಲ್ಲೂ ಏನೇನನ್ನು ಸಾಧಿಸಿರಬೇಕು ಎಂದು ಅದರಲ್ಲಿ ಬರೆದಿತ್ತು. ದೊಡ್ಡ ಮೇಷ್ಟ್ರು ಅದನ್ನು ಮೂರು ದಿನ ಕೂತು ಕನ್ನಡಕ್ಕೆ ತಂದರು. ಮೂರು ದಿನವೋ ಒಂದು ವಾರವೋ, ಈಗ ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವ ಚಾಳಿ ನನಗೆ ಅಂಟಿಕೊಂಡಿದ್ದು ಕಾಲೇಜು ಸೇರಿದ ಮೇಲೆ. ಅದಕ್ಕೆ ಹಿಂದಿನದೆಲ್ಲ ನೆನಪಿನ ಜವಾಬ್ದಾರಿ, ಮತ್ತು ನನ್ನ ನೆನಪು ಜವಾಬ್ದಾರಿಯುಳ್ಳ ಪ್ರಾಣಿಯಲ್ಲ.

ಮೇಷ್ಟ್ರ ಕನ್ನಡ ಮಾತ್ರ ನೆನಪಿನಲ್ಲಿ ಉಳಿದಿದೆ. ದಿನಾ ಪ್ರಾರ್ಥನೆಯಾದ ಮೇಲೆ ಅದನ್ನೇ ಹೇಳಿಸುತ್ತಿದ್ದರು. "ಬಾಲಕನು ಸ್ವಯಂ ಅವಲೋಕನದಿಂದ ಜ್ಞಾನವನ್ನು ಸಂಪಾದಿಸತಕ್ಕದ್ದು. ಬಾಲಕನು ಅಂಗುಲದ ಹತ್ತನೇ ಒಂದು ಭಾಗದವರೆಗೆ ನಿಖರವಾಗಿ ಅಳೆಯತಕ್ಕದ್ದು. ಬಾಲಕನು ಕಂಡದ್ದನ್ನು ಕಂಡ ಹಾಗೆಯೇ ಹೇಳತಕ್ಕದ್ದು." ತರಗತಿಯಲ್ಲಿ ನಾವು ಇಬ್ಬರು ಹುಡುಗಿಯರಿದ್ದೆವು. ನಾವೂ ಕೈಕಟ್ಟಿಕೊಂಡು ಬಾಲಕನು, ಬಾಲಕನು ಎಂದು ಕೂಗಿದೆವು. ಸೇಲಂನ ಕಾಗದದಲ್ಲಿ ಬಾಲಕಿಯ ಗುರಿ ಏನಿತ್ತೋ ತಿಳಿಯಲಿಲ್ಲ.

ಗುರಿಗಳನ್ನು ಹೀಗೆ ಬಾಯಿಪಾಠ ಮಾಡಿಸುವುದಕ್ಕೆ ಮೇಷ್ಟ್ರಿಗೆ ಕಾರಣವಿತ್ತು. ಬಾಗಲೂರಿನ ಕಡೆಯ ನಮ್ಮದು ಆಗಿನ್ನೂ ಏಳನೇ ತರಗತಿಯವರೆಗಿನ ಶಾಲೆ. ಎಂಟನೆಯದನ್ನು ತೆರೆಯಲು ಅನುಮತಿ ಬೇಕಿತ್ತು. ಇನ್ಸ್‌ಪೆಕ್ಟರು ಬಂದು, ಏಳನೆಯವರು ಗುರಿ ಮುಟ್ಟಿದ್ದಾರೆಂದು ಬರೆದರೆ ಎಂಟನೆಯದು, ಇಲ್ಲದಿದ್ದರೆ ಇಲ್ಲ. ಎಂಟನೆಯದು ಬಂದರೆ ಮೇಷ್ಟ್ರ ಸಂಬಳದ ದರ್ಜೆ ಏರುತ್ತಿತ್ತು. ನನ್ನ ಪಾಲಿಗೆ ಅದಕ್ಕಿಂತ ದೊಡ್ಡದೇ ಏರುಪೇರು ಕಾದಿತ್ತು. ಅಪ್ಪ ಮನೆಯಲ್ಲಿ ಒಮ್ಮೆ ಹೇಳಿ ಮುಗಿಸಿದ್ದರು:

"ಎಂಟ್ನೇ ಕ್ಲಾಸು ಇಲ್ಲೇ ತೆಗುದ್ರೆ ಓದ್ಲಿ, ನಾನ್ಯಾಕ್ ಬ್ಯಾಡ ಅನ್ಲಿ. ಹೊಸೂರ್‌ಗಂಟ ಹೆಣ್‌ಮಗೀನ ಕಳ್ಸಾಕಾಗಾಕಿಲ್ಲ. ತೆಗೀನಿಲ್ವಾ, ಮತ್ತಿಗಿರಿಯೋರು ಕೇಳ್ತಾವ್ರೆ, ಮಾತಾಡ್ಬುಡಾನ."

ಮತ್ತಿಗಿರಿಯವರು ಎಂದರೆ ಒಂದು ಜೊತೆ ಒಳ್ಳೆಯ ಎತ್ತು, ಒಂದು ಬಾವಿ ಮತ್ತು ಮೀಸೆ ಬಂದ ಒಬ್ಬ ಮಗ. ನಾನು ಅವನನ್ನು ನೋಡಿರಲಿಲ್ಲ. ಮೀಸೆಯ ವಿಷಯ ಅಜ್ಜಿ ಹೇಳಿದ್ದು.

ಹೀಗಾಗಿ ನಾನು ಗುರಿಗಳನ್ನು ಬಹಳ ಶ್ರದ್ಧೆಯಿಂದ ಕಲಿತೆ. ಅಳೆಯತಕ್ಕದ್ದು ಎಂಬ ಗುರಿಯನ್ನಂತೂ ಅರಿವಿಲ್ಲದೆಯೇ ಮುಟ್ಟಿಬಿಟ್ಟಿದ್ದೆ. ಯುದ್ಧದ ಕಾಲವಾದ್ದರಿಂದ ಗೆರೆ ಹಾಕಿದ ಕಾಗದ ಸಿಗುತ್ತಿರಲಿಲ್ಲ. ಶಾಲೆಯಲ್ಲಿದ್ದ ಒಂದೇ ಒಂದು ಅಡಿಪಟ್ಟಿಯನ್ನು ಹುಡುಗರ ಕೈಗೆ ಕೊಟ್ಟರೆ ಅದು ಕತ್ತಿಯಾಗುತ್ತದೆ ಎಂದು ಮೇಷ್ಟ್ರು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅವರ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುವ ಚಾಕರಿ ಮಾತ್ರ ನನ್ನದು. ಇಡೀ ತರಗತಿಯಲ್ಲಿ ಅಂಗುಲವನ್ನು ಹತ್ತು ಭಾಗ ಮಾಡಿ ನೋಡಿದ್ದವಳು ನಾನೊಬ್ಬಳೇ. ಅದನ್ನು ಯಾರೂ ಕಲಿಸಲಿಲ್ಲ. ಗೆರೆ ಸೊಟ್ಟಗಾದರೆ ತಲೆಗೆ ಮೊಟಕುತ್ತಿದ್ದರು, ಅಷ್ಟೆ.

ಅವಲೋಕನದ ಗುರಿಗೆ ಅವರೆ ಬೀಜ. ಎರಡು ಕುಡಿಕೆಯಲ್ಲಿ ಮಣ್ಣು ತುಂಬಿ ಬೀಜ ಹಾಕಿದೆವು. ಒಂದನ್ನು ಕಿಟಕಿಯಲ್ಲಿಟ್ಟು "ಬೆಳಕು" ಎಂದೂ, ಇನ್ನೊಂದನ್ನು ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು "ಕತ್ತಲು" ಎಂದೂ ಚೀಟಿ ಅಂಟಿಸಿದೆವು. ಇವೆರಡನ್ನೂ ನೋಡಿ ನಾವು ಸ್ವಯಂ ಅವಲೋಕನದಿಂದ ಪಡೆಯಬೇಕಾಗಿದ್ದ ಜ್ಞಾನವನ್ನು ಮೇಷ್ಟ್ರು ಮೊದಲೇ ಹಲಗೆಯ ಮೇಲೆ ಬರೆದಿದ್ದರು: ಬೆಳಕಿಲ್ಲದೆ ಸಸ್ಯವು ಬೆಳೆಯಲಾರದು. ಅದನ್ನೂ ಬಾಯಿಪಾಠ ಮಾಡಿದೆವು. ಬೀಜ ಇನ್ನೂ ಮೊಳೆತಿರಲಿಲ್ಲ.

ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ಮೇಷ್ಟ್ರು ಬೀರುವಿನ ಆ ಖಾನೆ ತೆಗೆದರು. ಅಲ್ಲಿದ್ದ ಸಸಿ ಕಿಟಕಿಯದಕ್ಕಿಂತ ಎರಡರಷ್ಟು ಉದ್ದ ಬೆಳೆದು, ಬೆಳ್ಳಗೆ, ದಾರದಂತೆ ಸಣ್ಣಗೆ, ಹಳೆಯ ಹಾಜರಿ ಪುಸ್ತಕಗಳ ಮೇಲೆ ಒರಗಿಕೊಂಡಿತ್ತು. ಕಿಟಕಿಯದು ಗಿಡ್ಡಗೆ, ಹಸಿರಾಗಿ, ದಪ್ಪ ಎಲೆ ಬಿಟ್ಟುಕೊಂಡು ನಿಂತಿತ್ತು.

"ಇದೇನಪ್ಪಾ ಇದು, ಹಿಂಗ್ ಮಾಡ್ಬುಡ್ತಲ್ಲ!" ಎಂದು ಮೇಷ್ಟ್ರು ಸಸಿಯನ್ನೇ ಬೈದರು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಮುಂದೆ ನಾನು ಸಸ್ಯಶಾಸ್ತ್ರವನ್ನೇ ಓದಿದೆ. ಕತ್ತಲಲ್ಲಿಟ್ಟ ಸಸಿ ಬೆಳಕನ್ನು ಹುಡುಕಿಕೊಂಡು ಬಿಳಿಚಿ ಉದ್ದಕ್ಕೆ ಬೆಳೆಯುತ್ತದೆ ಎಂಬುದನ್ನು ಕಾಲೇಜಿನ ಪುಸ್ತಕದ ಚಿತ್ರದಲ್ಲಿ ನೋಡಿದಾಗ, ಅಯ್ಯೋ ನಮ್ಮ ಬೀರುವಿನದೇ ಅನ್ನಿಸಿತು. ಆದರೆ ಆ ಚಿತ್ರ ನೋಡಿದ ಮೇಲೆ ನನ್ನ ನೆನಪಿನ ಸಸಿ ಇನ್ನೂ ಒಂದೆರಡು ಅಂಗುಲ ಬೆಳೆದಿರಲಾರದೇ? ನನ್ನ ಪಕ್ಕದಲ್ಲಿ ಕೂರುತ್ತಿದ್ದ ಇನ್ನೊಬ್ಬ ಹುಡುಗಿಯನ್ನು ಎಷ್ಟೋ ವರ್ಷದ ಮೇಲೆ ಅವಲಪಲ್ಲಿಯ ಅವಳ ಮನೆಯಲ್ಲಿ ಕೇಳಿದೆ. "ಅವರೆ ಗಿಡವಾ? ಕಡ್ಲೇಕಾಯ್ ಗಿಡ ಕಣೆ ಅದು. ಇನ್ಸ್‌ಪೆಕ್ಟರು ಎಷ್ಟ್ ಒಳ್ಳೇವ್ರು, ಪೆಪ್ಪರ್‌ಮೆಂಟ್ ಕೊಟ್ಟಿದ್ರು" ಎಂದಳು. ಪೆಪ್ಪರ್‌ಮೆಂಟು ನನಗೆ ಒಂದಿಷ್ಟೂ ನೆನಪಿಲ್ಲ. ಬಹುಶಃ ನನಗೆ ಕೊಡಲಿಲ್ಲ.

ಚೀಟಿಗಳನ್ನು ಮೇಷ್ಟ್ರು ಅದಲುಬದಲು ಮಾಡಿದ್ದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಅನ್ನದ ಅಗುಳಿನಿಂದ ಅಂಟಿಸಿದ್ದ ಚೀಟಿಗಳನ್ನು ಉಗುರಿನಿಂದ ಕಿತ್ತು, ಉದ್ದ ಸಸಿಗೆ "ಬೆಳಕು" ಎಂದೂ ಗಿಡ್ಡಕ್ಕೆ "ಕತ್ತಲು" ಎಂದೂ ಅಂಟಿಸಿ, ನಮ್ಮ ಕಡೆ ತಿರುಗಿದರು.

"ನಾಳೆ ಸಾಹೇಬ್ರು ಕೇಳಿದ್ರೆ ಉದ್ದದ್ದು ಬೆಳಕಲ್ಲಿತ್ತು, ಗಿಡ್ಡದ್ದು ಕತ್ತಲಲ್ಲಿತ್ತು. ತಿಳೀತೇನ್ರೋ?"

ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಹಂಗಾರೆ ಬೆಳಕಲ್ಲಿದ್ದಿದ್ದು ಬಿಳಚ್ಕೊಂಡೈತಲ್ಲ, ಯಾಕೆ ಸಾ?" ಎಂದ.

ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. "ಬಿಸಿಲಿಗೆ ಕಣ್ಲಾ. ನಿಮ್ಮವ್ವ ಸೀರೆ ಒಗ್ದು ಬಿಸಿಲಿಗಾಕಿದ್ರೆ ಬಣ್ಣ ಹೋಗಾಕಿಲ್ವ?"

ಇಷ್ಟು ಚೆಂದದ ವೈಜ್ಞಾನಿಕ ವಿವರಣೆಯನ್ನು ನಾನು ವಿಶ್ವವಿದ್ಯಾಲಯದಲ್ಲೂ ಹೆಚ್ಚು ಕೇಳಿಲ್ಲ. ಹುಡುಗ ಒಪ್ಪಿಕೊಂಡು ಕೂತ. ಅದನ್ನೂ ಬಾಯಿಪಾಠ ಮಾಡಿದೆವು.

ಮಾರನೆಯ ದಿನ ಹೊಸೂರಿನಿಂದ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಇನ್ಸ್‌ಪೆಕ್ಟರು ಬಂದರು. ಕೋಟಿನ ಮೇಲೆಲ್ಲ ಮಸಿ. ಅವರು ಸೇಲಂ ಕಡೆಯವರು, ಕನ್ನಡ ಬಾರದು. ಅವರು ತಮಿಳಿನಲ್ಲಿ ಕೇಳುವುದು, ಮೇಷ್ಟ್ರು ಅದನ್ನು ಕನ್ನಡ ಮಾಡಿ ನಮಗೆ ಹೇಳುವುದು, ನಾವು ಕನ್ನಡದಲ್ಲಿ ಉತ್ತರ ಕೊಡುವುದು, ಅದನ್ನು ಮೇಷ್ಟ್ರು ಬೇಕಾದ ಹಾಗೆ ತಮಿಳು ಮಾಡುವುದು ಎಂದು ಏರ್ಪಾಡಾಗಿತ್ತು. ಈ ಏರ್ಪಾಡಿನಲ್ಲಿ ಮೇಷ್ಟ್ರು ಒಂದನ್ನು ಮರೆತಿದ್ದರು. ನಮ್ಮಲ್ಲಿ ತಮಿಳು ಬಾರದ ಮಗುವೇ ಇರಲಿಲ್ಲ. ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ತೆಲುಗು, ಹೊಸೂರು ಸಂತೆಯಲ್ಲಿ ತಮಿಳು. ಅಮ್ಮನ ಜೊತೆ ಸಂತೆಯಲ್ಲಿ ಕೂತು ಹುಣಸೆಹಣ್ಣು ಮಾರುವಾಗ ನಾನು ಮಾತಾಡುತ್ತಿದ್ದುದೆಲ್ಲ ಅದೇ. ಅಲ್ಲಿ ಕೇಳಿದ ತಕ್ಷಣ ಉತ್ತರ ಹೇಳಬೇಕು, ಇಲ್ಲದಿದ್ದರೆ ಗಿರಾಕಿ ಪಕ್ಕದವಳ ಹತ್ತಿರ ಹೋಗುತ್ತಾನೆ.

ಇನ್ಸ್‌ಪೆಕ್ಟರು ಕುಡಿಕೆಗಳನ್ನು ನೋಡಿ, ನನ್ನ ಕಡೆ ಬೆರಳು ತೋರಿಸಿ, ಬೀರುವಿನಲ್ಲಿದ್ದದ್ದು ಯಾವುದು ಎಂದು ತಮಿಳಿನಲ್ಲಿ ಕೇಳಿದರು. ಮೇಷ್ಟ್ರು ಬಾಯಿ ತೆರೆಯುವುದರೊಳಗೆ ನನ್ನ ಬಾಯಿಂದ ಬಂದುಬಿಟ್ಟಿತ್ತು.

"ಒಸರಮಾ ಇರುಕ್ಕುದೇ, ಅದುದಾ ಸಾರ್."

ಉದ್ದಕ್ಕಿದೆಯಲ್ಲ, ಅದೇ ಸಾರ್. ಇದನ್ನು ಧೈರ್ಯವೆಂದು ಬರೆಯಲು ನನಗೆ ಆಸೆಯಿದೆ. ಹಾಗೆ ಬರೆದರೆ ಓದುವವರೂ ನಂಬುತ್ತಾರೆ. ನಿಜವೆಂದರೆ ಸುಳ್ಳನ್ನು ನಮಗೆ ಕನ್ನಡದಲ್ಲಿ ಮಾತ್ರ ಕಲಿಸಿದ್ದರು. ತಮಿಳಿನಲ್ಲಿ ಕೇಳಿದ್ದಕ್ಕೆ ಒಪ್ಪಿಸಲು ನನ್ನ ಹತ್ತಿರ ಬೇರೇನೂ ಇರಲಿಲ್ಲ, ಕಣ್ಣಾರೆ ಕಂಡದ್ದೊಂದೇ ಇತ್ತು.

ಇನ್ಸ್‌ಪೆಕ್ಟರು ಚೀಟಿ ನೋಡಿದರು, ನನ್ನನ್ನು ನೋಡಿದರು. ಎರಡನ್ನೂ ಅಳೆದು ಹೇಳು ಎಂದರು. ಮೇಷ್ಟ್ರು ಬೀಗ ತೆಗೆದು ಅಡಿಪಟ್ಟಿ ಕೊಟ್ಟರು. ನಾನು ಉದ್ದದ್ದನ್ನು ಎರಡು ಬೆರಳಲ್ಲಿ ನೆಟ್ಟಗೆ ಹಿಡಿದು ಅಳೆದೆ. ಒಂಬತ್ತು ಅಂಗುಲ, ಮೇಲೆ ಎರಡು ಹತ್ತನೇ ಭಾಗ. ಗಿಡ್ಡದ್ದು ನಾಲ್ಕು ಅಂಗುಲಕ್ಕೆ ಒಂದು ಗೆರೆ ಕಮ್ಮಿ. ಒಂಬತ್ತೋ ಎಂಟೋ, ಅದರ ಮೇಲೆ ಈಗ ಪ್ರಮಾಣ ಮಾಡಲಾರೆ. ಇನ್ಸ್‌ಪೆಕ್ಟರು ತಾವೂ ಅಳೆದು ನೋಡಿ, "ಕರೆಕ್ಟ್!" ಎಂದು ತಮ್ಮ ಪಟ್ಟಿಯ ಗಣಿತದ ಸಾಲಿನಲ್ಲಿ ಗುರುತು ಹಾಕಿದರು. ಆಮೇಲೆ ವಿಜ್ಞಾನದ ಸಾಲಿಗೆ ಬಂದು, ಚೀಲದಿಂದ ಕೈಪಿಡಿ ತೆಗೆದು, ಬೆರಳಿಟ್ಟು ಓದಿ, ಬೇಸರದಿಂದ ತಲೆಯಾಡಿಸಿದರು. ಬೆಳಕಿಲ್ಲದೆ ಗಿಡ ಬೆಳೆಯುವುದಿಲ್ಲ ಎಂದು ಅಚ್ಚಾಗಿದೆ, ಈ ಹುಡುಗಿ ಕತ್ತಲಲ್ಲಿ ಎರಡರಷ್ಟು ಬೆಳೆಯಿತು ಎನ್ನುತ್ತಾಳೆ. ಅವಲೋಕನ ಸಾಲದು.

ಹೀಗೆ ಒಂದೇ ಗಿಡ, ಒಂದೇ ಉದ್ದ, ಒಂದೇ ಹುಡುಗಿ. ಗಣಿತದಲ್ಲಿ ಪಾಸು, ವಿಜ್ಞಾನದಲ್ಲಿ ಫೇಲು. ಎಂಟನೇ ತರಗತಿಗೆ ಎರಡೂ ಬೇಕಾಗಿತ್ತು. ಮತ್ತೊಮ್ಮೆ ಬಂದು ನೋಡುವುದಾಗಿ ಬರೆದಿಟ್ಟು ಅವರು ಬಸ್ಸು ಹತ್ತಿದರು.

ಬಸ್ಸು ಮರೆಯಾದ ಮೇಲೆ ಮೇಷ್ಟ್ರು ನನ್ನನ್ನು ಹೊಡೆಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತು, "ಗಿಡ ನೋಡು ಅಂದ್ರೆ ಗಿಡಾನೇ ನೋಡ್ಕಂಡ್ ಕೂತ್ಕಂಡೆಯಲ್ಲಮ್ಮಿ" ಎಂದರು. ಅವರ ದನಿಯಲ್ಲಿದ್ದದ್ದು ನಿಜವಾದ ದುಃಖ. ಸಂಜೆ ನಮ್ಮ ಮನೆಗೇ ಬಂದು ಜಗಲಿಯ ಮೇಲೆ ಕೂತು ಅಪ್ಪನಿಗೆ ಎಲ್ಲ ಹೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಅಲ್ಲ ಸಾಮಿ, ದಿಟ ಹೇಳಿದ್ಳು ಅಂತಲಾ ಕ್ಲಾಸು ಹೋಗಿದ್ದು?" ಎಂದರು ಅಪ್ಪ.

"ದಿಟ ಯಾರ್ ಕೇಳಿದ್ರು ಗೌಡ್ರೆ? ಉತ್ತರ ಕೇಳಿದ್ರು."

ಅಪ್ಪ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಜಗಲಿಯಾಚೆ ಉಗಿದರು. "ಇನ್ನೊಂದ್ ಕಿತ ಬತ್ತಾರಂತಲ್ಲ. ಅಲ್ಲೀಗಂಟ ಮತ್ತಿಗಿರಿಯೋರ್ಗೆ ಏನೂ ಹೇಳಾಕೋಗಲ್ಲ. ಆಮ್ಯಾಕೆ ನನ್ನ ಕೇಳ್ಬ್ಯಾಡಿ."

ಎರಡನೆಯ ಸಲಕ್ಕೆ ಮೇಷ್ಟ್ರು ಯಾವುದನ್ನೂ ಪ್ರಕೃತಿಯ ಇಷ್ಟಕ್ಕೆ ಬಿಡಲಿಲ್ಲ. ಹೊಸ ಕುಡಿಕೆಗಳಲ್ಲಿ ಹೊಸ ಬೀಜ ಹಾಕಿಸಿದರು. ಕಿಟಕಿಯದಕ್ಕೆ ದಿನಾ ಎರಡು ಹೊತ್ತು ನೀರು. ಬೀರುವಿನದು ಮೊಳಕೆ ಬಿಟ್ಟದ್ದೇ ತಡ, ಅದಕ್ಕೆ ನೀರೇ ಇಲ್ಲ. ಅದು ಬೆಳಕನ್ನು ಹುಡುಕುವ ಮೊದಲೇ ನೀರಿಲ್ಲದೆ ಒಣಗಿ ಸತ್ತಿತು. ಈಗ ಗಿಡಗಳು ಕೈಪಿಡಿಯಂತೆ ನಡೆದುಕೊಂಡಿದ್ದವು. ಉಳಿದ ಅಪಾಯವೆಂದರೆ ನಾನು. ಇನ್ಸ್‌ಪೆಕ್ಟರು ಬರುವ ದಿನ ಬೆಳಿಗ್ಗೆಯೇ ಮೇಷ್ಟ್ರು ನಮ್ಮ ಮನೆಗೆ ಹೇಳಿಕಳುಹಿಸಿದರು: "ಇವತ್ತೊಂದಿನ ಮಗೀನ ಸ್ಕೂಲಿಗೆ ಕಳುಸ್ಬ್ಯಾಡಿ. ಅವಳ ಒಳ್ಳೇದಕ್ಕೇ ಹೇಳ್ತಾ ಇರೋದು."

ಆ ದಿನ ನಾನು ಹೊಲದಲ್ಲಿ ಗಿಣಿ ಓಡಿಸುತ್ತಾ ಇದ್ದೆ. ತಗಡಿನ ಡಬ್ಬ ಬಡಿಯುತ್ತಾ, ಸಾಹೇಬರು ನೀರಿನ ವಿಷಯ ಕೇಳದೆ ಇರಲಪ್ಪ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ. ಮುಂದೆ ಹಲವು ವರ್ಷ ಪ್ರಯೋಗಶಾಲೆಯಲ್ಲಿ ಕೂತು ಜನರಿಗೆ ನಿಖರತೆ ಬೋಧಿಸಿದವಳು, ಅಂದು ಇನ್ಸ್‌ಪೆಕ್ಟರು ಕುರುಡಾಗಿರಲಿ ಎಂದು ಹರಕೆ ಹೊತ್ತಿದ್ದಳು. ಹರಕೆ ಹೊತ್ತದ್ದರ ಬಗ್ಗೆ ನನ್ನ ನೆನಪಿಗೆ ಅನುಮಾನವೇ ಇಲ್ಲ.

ಹೊತ್ತು ಇಳಿಯುವ ಮುಂಚೆ, ಪಕ್ಕದಲ್ಲಿ ಕೂರುತ್ತಿದ್ದ ನನ್ನ ಗೆಳತಿ ಬದುವಿನ ಮೇಲೆ ಓಡಿಬಂದಳು.

"ಸಿಕ್ತು ಕಣೆ! ಎಂಟ್ನೇ ಕ್ಲಾಸು ಸಿಕ್ತು!"

"ಏನ್ ಕೇಳಿದ್ರು?"

"ಏನೂ ಕೇಳ್ನಿಲ್ಲ. ಸತ್ತೋಗಿದ್ ಗಿಡ ನೋಡಿ ಬಾಳ ಸಂತೋಸ ಪಟ್ಕೊಂಡ್ರು. ಹೋದ್ಸಲ ಫೇಲಾಗಿದ್ ಹುಡ್ಗಿ ಎಲ್ಲಿ ಅಂದ್ರು. ಜ್ವರ ಬಂದೈತೆ ಅಂದ್ರು ಮೇಷ್ಟ್ರು."

ಮತ್ತಿಗಿರಿಯವರಿಗೆ ಅಪ್ಪ ಈ ವರ್ಷ ಆಗುವುದಿಲ್ಲ ಎಂದು ಹೇಳಿಕಳುಹಿಸಿದರು. ಅವರು ಬೇರೆ ಕಡೆ ಹೆಣ್ಣು ತಂದರು. ಬೇಸಿಗೆ ರಜೆ ಕಳೆದು ನಾನು ಎಂಟನೇ ತರಗತಿಯ ಮೊದಲ ಸಾಲಿನಲ್ಲಿ ಕೂತೆ. ಹಳೆಯ ಕೋಣೆಯನ್ನೇ ತಡಿಕೆ ಅಡ್ಡ ಹಾಕಿ ಎರಡು ಮಾಡಿದ್ದರು. ಮೇಷ್ಟ್ರು ಹೊಸ ಪಂಚೆ ಉಟ್ಟು ಬಂದು ಎಂಟನೆಯವರ ಗುರಿಗಳನ್ನು ಓದಿದರು. ಮೊದಲನೆಯದು: ಬಾಲಕನು ತಾನಾಗಿಯೇ ಸಂದೇಹಗಳನ್ನು ಎತ್ತತಕ್ಕದ್ದು.

ಮೇಷ್ಟ್ರು ಹಲಗೆಯ ಕಡೆ ತಿರುಗಿ ಹತ್ತು ಸಂದೇಹಗಳನ್ನು ದುಂಡಾದ ಅಕ್ಷರದಲ್ಲಿ ಬರೆದು, ತಲೆಗೊಂದರಂತೆ ಹಂಚಿದರು. ನನ್ನ ಸರದಿ ಬಂದಾಗ ಸ್ವಲ್ಪ ತಡೆದು, ಪಟ್ಟಿಯನ್ನೆಲ್ಲ ಮತ್ತೆ ನೋಡಿ, ಅದರಲ್ಲಿ ಅತ್ಯಂತ ನಿರಪಾಯವಾದದ್ದನ್ನು ಆರಿಸಿಕೊಟ್ಟರು: ನೀರು ಏಕೆ ಕೆಳಮುಖವಾಗಿ ಹರಿಯುತ್ತದೆ?

"ತಮಿಳಲ್ಲೂ ಕಲ್ತ್ಕೊಮ್ಮಿ, ನೀನು" ಎಂದರು.

ಎರಡು ಭಾಷೆಯಲ್ಲೂ ಕಲಿತೆ. ಹೊಸ ಸ್ಲೇಟು, ಹೊಸ ತರಗತಿ. ನನಗೆ ಬೇರೆ ಯಾವ ಸಂದೇಹವೂ ಇರಲಿಲ್ಲ.